ಕುಂಬಾರನ ಕತ್ತೆಯೂ ಬಿಳಿಯ ಇಲಿಯೂ

ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಕಲಿಸಿದವನು. ಆ ಅವಧಿಯಲ್ಲಿ ಎಷ್ಟು ಕಪ್ಪೆಗಳನ್ನು ಮೇಣದ ತಟ್ಟೆಯ ಮೇಲೆ ಅಂಗಾತ ಮಲಗಿಸಿ, ಗುಂಡುಸೂಜಿ ಚುಚ್ಚಿ, ಕೊಯ್ದು ತೋರಿಸಿದ್ದೇನೆ ಎಂಬುದನ್ನು ಲೆಕ್ಕ ಹಾಕಿದರೆ ಈಗ ಮನಸ್ಸಿಗೆ ಸಂಕೋಚವಾಗುತ್ತದೆ. ಕಪ್ಪೆಯ ಹೃದಯಕ್ಕೆ ಮೂರು ಕೋಣೆಗಳೆಂಬುದು ಪುಸ್ತಕದಲ್ಲಿ ಅಚ್ಚಾಗಿಯೇ ಇತ್ತು. ಅದನ್ನು ಮತ್ತೊಮ್ಮೆ ಕಣ್ಣಾರೆ ಕಾಣುವುದಕ್ಕಾಗಿ ವರ್ಷವರ್ಷವೂ ಹೊಸ ಕಪ್ಪೆಗಳು ಬರುತ್ತಿದ್ದವು. ಉತ್ತರ ಗೊತ್ತಿದ್ದ ಪ್ರಶ್ನೆಯನ್ನೇ ನಾವು ಅವುಗಳಿಗೆ ಹಾಕುತ್ತಿದ್ದೆವು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪ್ರಾಣಿಗೆ ಹಾಕುವುದೆಂದರೇನು, ಆ ಮೂಕಪ್ರಾಣಿ ಕೊಟ್ಟ ಉತ್ತರವನ್ನು ತಪ್ಪಿಲ್ಲದೆ ಕೇಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ನನಗೆ ಮನದಟ್ಟಾದದ್ದು ನಿವೃತ್ತಿಯ ಹೊತ್ತಿಗೆ. ಅದೂ ಒಬ್ಬ ಗೆಳೆಯರ ಕಾಯಿಲೆಯ ನಿಮಿತ್ತವಾಗಿ.

ಅವರು ಅದೇ ಕಾಲೇಜಿನಲ್ಲಿ ಸಂಸ್ಕೃತದ ಅಧ್ಯಾಪಕರು. ತರ್ಕಶಾಸ್ತ್ರವನ್ನು ಗುರುಮುಖೇನ ಓದಿದವರಾದ್ದರಿಂದ ನಾವೆಲ್ಲ ಅವರನ್ನು ಶಾಸ್ತ್ರಿಗಳೆಂದೇ ಕರೆಯುತ್ತಿದ್ದೆವು. 2004ರಲ್ಲಿ, ಅವರಿಗೆ ನಲವತ್ತು ತುಂಬುವುದಕ್ಕೆ ಮೊದಲೇ, ಒಂದು ಬೆಳಿಗ್ಗೆ ಎಡಗಣ್ಣು ಮಂಜಾಯಿತು. ಕುಂಕುಮದ ಕೆಂಪು ಆ ಕಣ್ಣಿಗೆ ಒಗೆದು ಮಾಸಿದ ಬಟ್ಟೆಯ ಬಣ್ಣದಂತೆ ಕಂಡಿತು. ಕೆಲವು ವಾರಗಳಲ್ಲಿ ಕಣ್ಣು ತಾನಾಗಿಯೇ ತಿಳಿಯಾಯಿತು. ಮರುವರ್ಷ ಕಾಲುಗಳಿಗೆ ಜೋಮು ಹಿಡಿಯಿತು. ನಡೆಯುತ್ತಿದ್ದಾಗ ಚಪ್ಪಲಿ ಕಳಚಿ ಹಿಂದೆ ಉಳಿದದ್ದೂ ಅವರಿಗೆ ತಿಳಿಯದೆ ಹೋಯಿತು. ಬೆಂಗಳೂರಿನಲ್ಲಿ ಎಂ.ಆರ್.ಐ. ಚಿತ್ರ ತೆಗೆದು ವೈದ್ಯರು ಒಂದು ಉದ್ದನೆಯ ಹೆಸರನ್ನು ಹೇಳಿದರು: ಮಲ್ಟಿಪಲ್ ಸ್ಕ್ಲೆರೋಸಿಸ್.

ಮಿದುಳು, ಬೆನ್ನುಹುರಿ, ಕಣ್ಣಿನ ನರ ಇವುಗಳಲ್ಲಿರುವ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯೊಂದಿದೆ. ವಿದ್ಯುತ್ತಿನ ತಂತಿಗೆ ರಬ್ಬರಿನ ಹೊದಿಕೆ ಇದ್ದಂತೆ ಎಂದು ತರಗತಿಯಲ್ಲಿ ಹೇಳುವುದು ವಾಡಿಕೆ. ಈ ರೋಗದಲ್ಲಿ ಆ ಹೊದಿಕೆ ಅಲ್ಲಲ್ಲಿ ಕಳಚಿಹೋಗುತ್ತದೆ. ಕಳಚಿದ ಜಾಗ ಗಡುಸಾಗಿ ಕಲೆಗಟ್ಟುತ್ತದೆ. ಕಲೆ ಬಿದ್ದ ಕಡೆಯಲ್ಲಿ ಸಂದೇಶ ತಡೆಯುತ್ತದೆ. 1868ರಲ್ಲಿ ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಷಾರ್ಕೋ ಎಂಬ ವೈದ್ಯನು, ಬದುಕಿದ್ದಾಗ ರೋಗಿಗಳಲ್ಲಿ ಕಂಡ ಲಕ್ಷಣಗಳನ್ನೂ ಸತ್ತ ಮೇಲೆ ಅವರ ಮಿದುಳಿನಲ್ಲಿ ಕಂಡ ಕಲೆಗಳನ್ನೂ ಒಂದಕ್ಕೊಂದು ಹೊಂದಿಸಿ, ಇದೊಂದು ಪ್ರತ್ಯೇಕ ರೋಗವೆಂದು ನಿರೂಪಿಸಿದನು. ಕಾರಣವೇನೆಂಬ ಪ್ರಶ್ನೆ ಮಾತ್ರ ಅಂದಿನಿಂದ ಹಾಗೆಯೇ ಉಳಿಯಿತು.

ಕೆನಡಾದಿಂದ ಬಂದ ಸುದ್ದಿ

2010ರ ಒಂದು ಸಂಜೆ ಶಾಸ್ತ್ರಿಗಳ ಮನೆಗೆ ಹೋದಾಗ ಅವರ ಮುಖದಲ್ಲಿ ಬಹುದಿನಗಳಿಂದ ಕಾಣದ ಗೆಲುವಿತ್ತು. ಕೆನಡಾದಲ್ಲಿದ್ದ ಅವರ ಸೋದರಳಿಯ ಒಂದು ಸುದ್ದಿ ಕಳಿಸಿದ್ದ. ಇಟಲಿಯ ಫೆರಾರಾ ವಿಶ್ವವಿದ್ಯಾನಿಲಯದ ರಕ್ತನಾಳ ತಜ್ಞ ಪಾವ್ಲೊ ಝಾಂಬೋನಿ ಎಂಬವರು 2009ರಲ್ಲಿ ಹೊಸದೊಂದು ವಾದವನ್ನು ಮುಂದಿಟ್ಟಿದ್ದರು. ಅವರ ಪತ್ನಿಯೂ ಇದೇ ರೋಗಕ್ಕೆ ಒಳಗಾಗಿದ್ದರು. ಮಿದುಳಿನಿಂದ ರಕ್ತವನ್ನು ಹೃದಯಕ್ಕೆ ಮರಳಿಸುವ ಕತ್ತಿನ ಅಭಿಧಮನಿಗಳೂ, ಬೆನ್ನೆಲುಬಿನ ಪಕ್ಕದಲ್ಲಿ ಎದೆಗೂಡಿನೊಳಗೆ ಏರುವ ಅಭಿಧಮನಿಯೂ ಈ ರೋಗಿಗಳಲ್ಲಿ ಕಿರಿದಾಗಿರುತ್ತವೆ. ರಕ್ತ ಸರಾಗವಾಗಿ ಇಳಿಯದೆ ಹಿಮ್ಮರಳುತ್ತದೆ. ಅದರಲ್ಲಿನ ಕಬ್ಬಿಣದ ಅಂಶ ಮಿದುಳಿನಲ್ಲಿ ತಂಗಿ ಉರಿಯೂತವನ್ನೆಬ್ಬಿಸುತ್ತದೆ. ಇದು ಅವರ ವಾದದ ಸಾರ. ಕಾಲಿನ ಅಭಿಧಮನಿಗಳು ಉಬ್ಬಿ ಹುಣ್ಣಾಗುವುದನ್ನು ಬಹುಕಾಲ ಅಭ್ಯಾಸ ಮಾಡಿದ್ದವರಾದ್ದರಿಂದ ಅವರಿಗೆ ಈ ಹೋಲಿಕೆ ಹೊಳೆದದ್ದು ಸಹಜವೇ ಸರಿ. 65 ಜನ ರೋಗಿಗಳನ್ನೂ ರೋಗವಿಲ್ಲದ ಅಥವಾ ಬೇರೆ ರೋಗಗಳಿದ್ದ 235 ಜನರನ್ನೂ ಪರೀಕ್ಷಿಸಿ, ಈ ದೋಷ ಮೊದಲನೆಯವರೆಲ್ಲರಲ್ಲಿಯೂ ಇದೆ, ಎರಡನೆಯವರೊಬ್ಬರಲ್ಲಿಯೂ ಇಲ್ಲ ಎಂದು ಅವರು ಪ್ರಕಟಿಸಿದ್ದರು. ಕಿರಿದಾದ ನಾಳದೊಳಗೆ ಪುಟ್ಟ ಬಲೂನನ್ನು ತೂರಿಸಿ ಉಬ್ಬಿಸಿದರೆ ದಾರಿ ತೆರೆಯುತ್ತದೆ, ರೋಗಿ ಚೇತರಿಸಿಕೊಳ್ಳುತ್ತಾನೆ ಎಂಬ ವರದಿಯೂ ಅದೇ ವರ್ಷ ಬಂದಿತು.

ಆ ವರ್ಷ ನವೆಂಬರಿನಲ್ಲಿ ಕೆನಡಾದ ದೂರದರ್ಶನದಲ್ಲಿ ಈ ವಿಷಯ ಪ್ರಸಾರವಾದದ್ದೇ ತಡ, ರೋಗಿಗಳು ಸಾಲುಗಟ್ಟಿದರು. ತಮ್ಮ ದೇಶದಲ್ಲಿ ಚಿಕಿತ್ಸೆ ಸಿಗದವರು ಪೋಲೆಂಡಿಗೆ, ಮೆಕ್ಸಿಕೊಗೆ, ಕೋಸ್ಟರೀಕಕ್ಕೆ ಹೋದರು. ನಮ್ಮ ಭಾರತಕ್ಕೂ ಬಂದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎಂದು ಅವರನ್ನು ಹಗುರಾಗಿ ಕಾಣಬಾರದು. ನಾಳ ಕಟ್ಟಿದೆ, ಬಿಡಿಸಿದರೆ ಸರಿಹೋಗುತ್ತದೆ ಎಂಬ ಮಾತಿನಲ್ಲಿ ಒಂದು ಸಮಾಧಾನವಿದೆ. ತನ್ನ ದೇಹವೇ ತನ್ನ ನರಗಳನ್ನು ಕೆಡಿಸುತ್ತಿದೆ ಎಂಬ ಇನ್ನೊಂದು ವಿವರಣೆಯಲ್ಲಿ ಅದು ಎಲ್ಲಿಂದ ಬರಬೇಕು?

ನಮ್ಮ ದೇಶದ್ದೇ ಒಂದು ಆಸ್ಪತ್ರೆಯವರು ಶಾಸ್ತ್ರಿಗಳಿಗೆ ಖರ್ಚಿನ ಅಂದಾಜನ್ನು ಕಳಿಸಿದ್ದರು. ಅಡಕೆಯ ತೋಟದ ಒಂದು ಭಾಗವನ್ನು ಮಾರಬೇಕಾಗಿತ್ತು. "ತೋಟ ಹೋದರೆ ಹೋಗಲಿ, ಇವರ ಕಾಲು ಬರಲಿ" ಎಂದರು ಅವರ ಶ್ರೀಮತಿಯವರು. ಶಾಸ್ತ್ರಿಗಳು ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ಗಡಿಗೆಗೆ ಕುಂಬಾರ ಕಾರಣ. ಮಣ್ಣು ಹೊತ್ತು ತಂದ ಕತ್ತೆಯೂ ಅಲ್ಲೇ ನಿಂತಿರುತ್ತದೆ. ಆದರೆ ಕತ್ತೆಯನ್ನು ಗಡಿಗೆಗೆ ಕಾರಣವೆಂದು ನಮ್ಮ ತಾರ್ಕಿಕರು ಒಪ್ಪುವುದಿಲ್ಲ, ಅದನ್ನು ಅನ್ಯಥಾಸಿದ್ಧವೆನ್ನುತ್ತಾರೆ. ಈ ರಕ್ತನಾಳ ಕುಂಬಾರನೋ, ಕುಂಬಾರನ ಕತ್ತೆಯೋ, ನಿಮ್ಮ ಶಾಸ್ತ್ರದಲ್ಲಿ ನೋಡಿ ಹೇಳಿ. ಆಮೇಲೆ ತೋಟದ ಮಾತು."

ನೋಡಿ ಹೇಳುವವರೆಗೆ ಕಾಯಬೇಕೆಂದು ನಾನು ಹೇಳಿದೆ. ಆ ಮಾತಿನ ಭಾರ ಆಗ ನನಗೆ ತಿಳಿದಿರಲಿಲ್ಲ.

ನಾಯಿಯ ಉತ್ತರ

ಹುಡುಕಿದಾಗ ಮೊದಲು ತಿಳಿದುಬಂದದ್ದು, ಈ ಹೊಸ ವಾದ ಅಷ್ಟೇನೂ ಹೊಸದಲ್ಲವೆಂಬುದು. ಷಾರ್ಕೋವಿಗಿಂತ ಐದು ವರ್ಷ ಮೊದಲೇ, 1863ರಲ್ಲಿ, ರಿಂಡ್‌ಫ್ಲೈಷ್ ಎಂಬ ಜರ್ಮನ್ ವಿಜ್ಞಾನಿ ಮಿದುಳಿನ ಕಲೆಗಳನ್ನು ಪರೀಕ್ಷಿಸುತ್ತ, ಕಲೆಗಳ ನಟ್ಟನಡುವೆ ರಕ್ತ ತುಂಬಿದ ಒಂದು ಸಣ್ಣ ನಾಳ ಇರುವುದನ್ನು ಗಮನಿಸಿದ್ದನು. 1916ರಲ್ಲಿ ಎಡಿನ್‌ಬರೋದ ಜೇಮ್ಸ್ ಡಾಸನ್ ಎಂಬವನು ಮಿದುಳಿನ ಒಳಕುಹರಗಳಿಂದ ಅಭಿಧಮನಿಗಳ ಗುಂಟ ಬೆರಳುಗಳಂತೆ ಚಾಚಿಕೊಂಡ ಕಲೆಗಳನ್ನು ವರ್ಣಿಸಿದನು. ಇಂದಿಗೂ ವೈದ್ಯರು ಅವನ್ನು ಡಾಸನ್ನನ ಬೆರಳುಗಳೆಂದೇ ಕರೆಯುತ್ತಾರೆ. ನಾಳ ನಡುವೆ, ಕಲೆ ಸುತ್ತ: ನೋಡಿದವರಿಗೆ ನಾಳವೇ ಕಾರಣವೆಂದು ತೋರಿದರೆ ಆಶ್ಚರ್ಯವಿಲ್ಲ.

ಈ ಊಹೆಯನ್ನು ಪ್ರಾಣಿಯ ಮೇಲೆ ಒರೆಗೆ ಹಚ್ಚಿದವನು ಬಾಸ್ಟನ್ನಿನ ಟ್ರೇಸಿ ಪಟ್ನಮ್. 1930ರ ದಶಕದಲ್ಲಿ ಆತ ನಾಯಿಗಳ ಮಿದುಳಿನ ಅಭಿಧಮನಿಗಳಿಗೆ ಎಣ್ಣೆ ಮುಂತಾದ ವಸ್ತುಗಳನ್ನು ಹೊಗಿಸಿ ರಕ್ತದ ಹಾದಿಯನ್ನು ಕಟ್ಟಿದನು. ಕೆಲವು ಕಾಲದ ಮೇಲೆ ಮಿದುಳನ್ನು ಕೊಯ್ದು ನೋಡಿದಾಗ ಮಯಲಿನ್ ಕಳಚಿದ ತೇಪೆಗಳೂ ಗಡುಸಾದ ಕಲೆಗಳೂ ಕಂಡವು. ಸಣ್ಣ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದೇ ರೋಗದ ಮೂಲವೆಂದು ಆತ ತೀರ್ಮಾನಿಸಿದನು. ಹಾಗಾದರೆ ಹೆಪ್ಪುಗಟ್ಟದಂತೆ ತಡೆದರಾಯಿತಲ್ಲ! ಕೆಟ್ಟುಹೋದ ಕ್ಲೋವರ್ ಹುಲ್ಲನ್ನು ತಿಂದ ದನಗಳು ರಕ್ತ ಸುರಿಸಿ ಸಾಯುವುದಕ್ಕೆ ಕಾರಣವಾದ ಡೈಕುಮರಾಲ್ ಎಂಬ ವಸ್ತು ಆಗತಾನೇ ಪತ್ತೆಯಾಗಿತ್ತು. 1940ರ ದಶಕದಲ್ಲಿ ಪಟ್ನಮ್ ಅದನ್ನೇ ರೋಗಿಗಳಿಗೆ ಕೊಟ್ಟನು. ಆ ಚಿಕಿತ್ಸೆ ನೆಲೆನಿಲ್ಲಲಿಲ್ಲ.

ಪಟ್ನಮ್ ಸಾಮಾನ್ಯನಲ್ಲ. ಬೆಕ್ಕುಗಳ ಮೇಲೆ ಪರೀಕ್ಷೆ ನಡೆಸಿ, ಮೆರಿಟ್ ಎಂಬ ಸಹೋದ್ಯೋಗಿಯೊಡನೆ 1938ರಲ್ಲಿ ಫೆನಿಟಾಯಿನ್ ಎಂಬ ಔಷಧ ಮೂರ್ಛೆರೋಗಕ್ಕೆ ಒದಗುತ್ತದೆಂದು ತೋರಿಸಿದವನು ಆತನೇ. ಆ ಔಷಧ ಇಂದಿಗೂ ಬಳಕೆಯಲ್ಲಿದೆ. ಅಂಥವನಿಗೆ ಇಲ್ಲಿ ಎಡವಟ್ಟಾದದ್ದೆಲ್ಲಿ? ನಾಯಿ ಸುಳ್ಳು ಹೇಳಲಿಲ್ಲ. ಅಭಿಧಮನಿ ಕಟ್ಟಿದರೆ ಮಿದುಳು ಕೆಡಬಲ್ಲುದೇ ಎಂದು ಅದಕ್ಕೆ ಹಾಕಿದ ಪ್ರಶ್ನೆ. ಹೌದೆಂದು ಅದು ಕೊಟ್ಟ ಉತ್ತರ. ಮನುಷ್ಯನಿಗೆ ಈ ರೋಗ ಬರುವುದು ಹಾಗೆಯೇನು ಎಂಬ ಪ್ರಶ್ನೆ ಬೇರೆ. ಅದನ್ನು ಯಾರೂ ಕೇಳಿರಲಿಲ್ಲ. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿಕೊಂಡದ್ದು ಕೇಳಿದವರ ದೋಷ. ಮನೆಗೆ ಬೆಂಕಿ ಬಿದ್ದರೆ ಸುಡುತ್ತದೆ, ನಿಜ; ಬಿದ್ದ ಮನೆಗಳೆಲ್ಲ ಬೆಂಕಿಯಿಂದ ಬಿದ್ದವಲ್ಲ.

ಕೋತಿಯ ಉತ್ತರ

ಅದೇ ಕಾಲದಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಥಾಮಸ್ ರಿವರ್ಸ್ ಬೇರೊಂದು ದಾರಿ ಹಿಡಿದಿದ್ದನು. ಈ ದಾರಿಗೆ ನಮ್ಮ ನಾಡಿನೊಡನೆ ನೇರವಾದ ನಂಟಿದೆ. ಹುಚ್ಚುನಾಯಿ ಕಚ್ಚಿದವರಿಗೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಕೊಡುತ್ತಿದ್ದುದನ್ನು ನಮ್ಮ ಪೀಳಿಗೆಯವರು ಮರೆಯಲಾರರು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಸಿದ್ಧಪಡಿಸಿದ ಆ ಲಸಿಕೆ ಕುರಿಯ ಮಿದುಳಿನಿಂದ ಮಾಡಿದ್ದು. ಪಾಶ್ಚರ್ 1885ರಲ್ಲಿ ಬಳಸಿದ್ದು ಮೊಲದ ಬೆನ್ನುಹುರಿಯನ್ನು. ಈ ಲಸಿಕೆಗಳು ಲೆಕ್ಕವಿಲ್ಲದಷ್ಟು ಜೀವಗಳನ್ನು ಉಳಿಸಿದವು. ಆದರೆ ಲಸಿಕೆ ಪಡೆದ ಕೆಲವರಿಗೆ, ಹುಚ್ಚುನಾಯಿ ರೋಗ ಬಾರದೆಯೇ, ಕೈಕಾಲು ಬಿದ್ದುಹೋಗುತ್ತಿತ್ತು. ಬೆಂಗಳೂರಿನ ನಿಮ್ಹಾನ್ಸಿನ ವೈದ್ಯರು ಅಂಥ ರೋಗಿಗಳನ್ನು ಕುರಿತು 1980ರ ದಶಕದಲ್ಲಿ ಬರೆದಿದ್ದಾರೆ. ನಮ್ಮ ದೇಶದಲ್ಲಿ ಈ ಲಸಿಕೆಯ ತಯಾರಿಕೆ ನಿಂತದ್ದು 2004ರ ಕೊನೆಯ ಹೊತ್ತಿಗೆ.

ತಪ್ಪು ಲಸಿಕೆಯಲ್ಲಿದ್ದ ಮಿದುಳಿನ ಅಂಶದ್ದಿರಬಹುದೇ ಎಂದು ರಿವರ್ಸ್ ಕೇಳಿದನು. 1933ರಲ್ಲಿ ಅವನೂ ಅವನ ಸಂಗಡಿಗರೂ ಕೋತಿಗಳಿಗೆ ಆರೋಗ್ಯವಂತ ಮೊಲದ ಮಿದುಳಿನ ಸಾರವನ್ನು ಮತ್ತೆಮತ್ತೆ ಚುಚ್ಚಿದರು. ಕೆಲವು ಕೋತಿಗಳ ಕಾಲು ತಡವರಿಸಿದವು, ಮಯಲಿನ್ ಕಳಚಿತು. ಅನ್ಯ ಮಿದುಳಿನ ಮೇಲೆ ಕೆರಳಿದ ದೇಹದ ರಕ್ಷಣಾಪಡೆ ತನ್ನ ಮಿದುಳನ್ನೂ ಶತ್ರುವೆಂದು ಬಗೆಯುತ್ತದೆ ಎಂಬ ವಿವರಣೆ ಇಲ್ಲಿಂದ ಬೆಳೆಯಿತು. ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಈ ಬಗೆಯ ರೋಗದಲ್ಲಿಯೂ ಬಿಳಿಯ ರಕ್ತಕಣಗಳು ಸಣ್ಣ ಅಭಿಧಮನಿಗಳ ಗೋಡೆಯನ್ನು ದಾಟಿಯೇ ಮಿದುಳಿಗೆ ಇಳಿಯುತ್ತವೆ. ಆದ್ದರಿಂದ ಕಲೆಯ ನಡುವೆ ಇಲ್ಲಿಯೂ ನಾಳವೇ ಕಾಣುತ್ತದೆ. ರಿಂಡ್‌ಫ್ಲೈಷ್ ಕಂಡದ್ದು ಸತ್ಯ, ಆದರೆ ಅದೇ ನೋಟಕ್ಕೆ ಎರಡು ಅರ್ಥಗಳು ಹೊಂದುತ್ತವೆ. ನಾಳ ಕಟ್ಟಿದ ಕಾಲುವೆಯೂ ಆಗಿರಬಹುದು, ದಾಳಿಕಾರರು ನುಗ್ಗುವ ಬಾಗಿಲೂ ಆಗಿರಬಹುದು.

ಇಲಿಯ ಉತ್ತರ

ಯಾವುದು ಸರಿ? 2012ರ ಮಾರ್ಚಿನಲ್ಲಿ ಬಾಸ್ಟನ್ನಿನ ಸಂಶೋಧಕರದೇ ಒಂದು ಪ್ರಬಂಧ ಪ್ರಕಟವಾಯಿತು. ಪಟ್ನಮ್ ನಾಯಿಗೆ ಹಾಕಿದ ಪ್ರಶ್ನೆಯನ್ನು ಅದೇ ಊರಿನಲ್ಲಿ ಮುಕ್ಕಾಲು ಶತಮಾನದ ಮೇಲೆ ಇಲಿಗೆ ಹಾಕಿದ್ದರು. ಈ ಸಲ ಹೆಚ್ಚು ಎಚ್ಚರದಿಂದ.

ಅವರು ಇಲಿಗಳನ್ನು ಮೂರು ಗುಂಪು ಮಾಡಿದರು. 20 ಇಲಿಗಳ ಕತ್ತಿನ ಎರಡು ಪಕ್ಕದ ಅಭಿಧಮನಿಗಳನ್ನೂ ದಾರದಿಂದ ಬಿಗಿದು ಕಟ್ಟಿದರು. 15 ಇಲಿಗಳಿಗೆ ಶಸ್ತ್ರಚಿಕಿತ್ಸೆಯ ನಟನೆ ನಡೆಸಿ, ನಾಳವನ್ನು ಕಟ್ಟದೆ ಬಿಟ್ಟರು. ಕೊಯ್ದುದರಿಂದಲೇ ಆಗಬಹುದಾದ ಬದಲಾವಣೆಯನ್ನು ಕಟ್ಟಿದ್ದರಿಂದ ಆಯಿತೆಂದು ಭ್ರಮಿಸಬಾರದಲ್ಲ. ಉಳಿದ 8 ಇಲಿಗಳಿಗೆ ರಿವರ್ಸ್ ತೋರಿಸಿದ ಬಗೆಯ ರೋಗವನ್ನು ಬರಿಸಿದರು. ಈ ಮೂರನೆಯ ಗುಂಪಿನ ಔಚಿತ್ಯವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಕಾಣಲಿಲ್ಲವೆಂದು ಹೇಳುವವನು, ಇದ್ದಿದ್ದರೆ ಕಾಣುವಷ್ಟು ಕಣ್ಣು ತನಗಿದೆಯೆಂದು ಮೊದಲು ತೋರಿಸಿಕೊಡಬೇಕಾಗುತ್ತದೆ.

ಆರು ತಿಂಗಳವರೆಗೆ ಕಾದು ನೋಡಿದರು. ಕಟ್ಟಿದ ಇಲಿಗಳಲ್ಲಿ ರಕ್ತದ ಹಾದಿ ಬದಲಾಗಿತ್ತು. ಪಕ್ಕದ ಸಣ್ಣ ನಾಳಗಳು ಹಿಗ್ಗಿ ಬಳಸುದಾರಿಗಳಾಗಿದ್ದವು. ಮಿದುಳಿನೊಳಗಿನ ರಕ್ತಸಂಚಾರದಲ್ಲಿಯೂ ಏರುಪೇರಿತ್ತು. ಅಂದರೆ ಕಾರಣವೆಂದು ಹೇಳಲಾದದ್ದು ನಿಜವಾಗಿಯೂ ಅಲ್ಲಿ ಇತ್ತು. ಆದರೆ ರಕ್ತಕ್ಕೂ ಮಿದುಳಿಗೂ ನಡುವಣ ತಡೆ ಒಡೆದಿರಲಿಲ್ಲ, ಉರಿಯೂತವಿರಲಿಲ್ಲ, ಮಯಲಿನ್ ಕಳಚಿರಲಿಲ್ಲ. ಇಲಿಗಳು ಯಾವ ರೋಗಲಕ್ಷಣವೂ ಇಲ್ಲದೆ ಓಡಾಡಿಕೊಂಡಿದ್ದವು.

ಆ ಪ್ರಬಂಧವನ್ನು ಅಚ್ಚು ಮಾಡಿಸಿಕೊಂಡು ಶಾಸ್ತ್ರಿಗಳ ಬಳಿಗೆ ಹೋದೆ. ಆ ಹೊತ್ತಿಗೆ ಅವರು ಕೋಲು ಹಿಡಿದು ನಡೆಯುತ್ತಿದ್ದರು. ಎರಡು ವರ್ಷ ಕಾದಿದ್ದರು. ನಾನು ಹೇಳಿ ಮುಗಿಸುವವರೆಗೆ ಸುಮ್ಮನಿದ್ದು, "ಕಾರಣವಿದ್ದೂ ಕಾರ್ಯವಿಲ್ಲ, ಇದು ವ್ಯಭಿಚಾರ" ಎಂದರು. ತರ್ಕದಲ್ಲಿ ಆ ಮಾತಿಗೆ ನಿಯಮ ಮುರಿಯಿತೆಂದರ್ಥ. ಮರುಕ್ಷಣವೇ ಇಲಿಯ ವಿರುದ್ಧ ವಕೀಲಿ ಹಿಡಿದರು.

"ಆದರೆ ಮೇಷ್ಟ್ರೇ, ಇಲಿ ನಾಲ್ಕು ಕಾಲಿನ ಮೇಲೆ ಓಡಾಡುವ ಪ್ರಾಣಿ. ಅದರ ತಲೆ ಹೃದಯದ ಮಟ್ಟದಲ್ಲಿಯೇ ಇರುತ್ತದೆ. ನಾನು ನೆಟ್ಟಗೆ ನಿಲ್ಲುವವನು; ಈಗಲೂ ನಿಲ್ಲುತ್ತೇನೆ. ಅದಕ್ಕೆ ಆರು ತಿಂಗಳು, ನನಗೆ ಎಂಟು ವರ್ಷ. ಅದಕ್ಕೆ ಒಮ್ಮೆಗೇ ದಾರದ ಗಂಟು, ನನಗೆ ಹುಟ್ಟಿನಿಂದ ಬಂದ ಇಕ್ಕಟ್ಟಿರಬಹುದು. ದೃಷ್ಟಾಂತ ಎಲ್ಲ ಅಂಶಗಳಲ್ಲಿಯೂ ಸರಿಹೊಂದದಿದ್ದರೆ ತೀರ್ಪು ಹೇಗೆ?"

ನನಗೆ ಉತ್ತರ ತೋಚಲಿಲ್ಲ. ಅವರ ಆಕ್ಷೇಪಗಳಲ್ಲಿ ಹುರುಳಿತ್ತು. ನಾವು ಮಲಗಿದ್ದಾಗ ಮಿದುಳಿನ ರಕ್ತ ಹೆಚ್ಚಾಗಿ ಕತ್ತಿನ ಅಭಿಧಮನಿಗಳಲ್ಲಿ ಇಳಿಯುತ್ತದೆ. ಎದ್ದುನಿಂತರೆ ಅವು ಮುಚ್ಚಿಕೊಳ್ಳುತ್ತವೆ, ರಕ್ತ ಬೆನ್ನುಮೂಳೆಯ ಬಳಿಯ ನಾಳಗಳನ್ನು ಹಿಡಿಯುತ್ತದೆ. ಇಲಿಗೆ ಹಿತವಾದದ್ದು ಮನುಷ್ಯನಿಗೆ ಅಹಿತವಾದ ನಿದರ್ಶನವೂ ಈ ರೋಗದಲ್ಲಿಯೇ ಇದೆ. ಟಿ.ಎನ್.ಎಫ್. ಎಂಬ ವಸ್ತುವನ್ನು ತಡೆದರೆ ಪ್ರಾಣಿಗಳ ರೋಗ ತಗ್ಗುತ್ತಿತ್ತು. ಅದನ್ನು ನಂಬಿ ರೋಗಿಗಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ರೋಗ ಮರುಕಳಿಸುವುದು ಹೆಚ್ಚಾಯಿತು. ಇಲಿಯನ್ನು ಬೇಕಾದಾಗ ನಂಬಿ, ಬೇಡವಾದಾಗ ತಳ್ಳಿಹಾಕುವುದು ನ್ಯಾಯವಲ್ಲ. ಕುತ್ತಿಗೆಯ ಕ್ಯಾನ್ಸರಿಗಾಗಿ ಕತ್ತಿನ ಅಭಿಧಮನಿಯನ್ನೇ ತೆಗೆದುಹಾಕುವ ಶಸ್ತ್ರಚಿಕಿತ್ಸೆ ಬಹುಕಾಲದಿಂದ ನಡೆದುಬಂದಿದ್ದರೂ ಅದರಿಂದ ಈ ರೋಗ ಹುಟ್ಟುವುದು ಕಂಡುಬಂದಿಲ್ಲವೆಂದಷ್ಟೇ ಹೇಳಿ ಎದ್ದುಬಂದೆ. ಗೇಟಿನ ತನಕ ಬಂದ ಅವರ ಶ್ರೀಮತಿಯವರು, "ಆಗಲೇ ಹೋಗಿದ್ದಿದ್ದರೆ ಹೇಗಿರುತ್ತಿತ್ತೋ" ಎಂದರು. ನನ್ನನ್ನು ದೂರುವ ಧ್ವನಿಯಲ್ಲಿ ಅಲ್ಲ. ಅದರಿಂದಲೇ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಮನುಷ್ಯರ ಸರದಿ

ಆ ಪ್ರಶ್ನೆಗೆ ಉತ್ತರ ಕಂತುಕಂತಾಗಿ ಬಂದಿತು. 2012ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಈ ಚಿಕಿತ್ಸೆಯಿಂದ ಸಾವು, ಪಾರ್ಶ್ವವಾಯು ಮುಂತಾದವು ಸಂಭವಿಸಿವೆಯೆಂದು ಎಚ್ಚರಿಸಿತು. 2013ರಲ್ಲಿ ಕೆನಡಾದ ಸಂಶೋಧಕರು ರೋಗಿಗಳ, ಅವರ ಒಡಹುಟ್ಟಿದವರ, ಸಂಬಂಧವಿಲ್ಲದ ಇತರರ ಅಭಿಧಮನಿಗಳನ್ನು ಪರೀಕ್ಷಿಸಿದರು. ನಾಳ ಅರ್ಧಕ್ಕಿಂತ ಹೆಚ್ಚು ಕಿರಿದಾಗಿದ್ದದ್ದು ರೋಗಿಗಳಲ್ಲಿ ನೂರಕ್ಕೆ 74, ಒಡಹುಟ್ಟಿದವರಲ್ಲಿ 66, ಇತರರಲ್ಲಿ 70. ಕಿರಿದಾದ ನಾಳ ಮನುಷ್ಯಸಾಮಾನ್ಯವೆಂದಾಯಿತು. ನಮ್ಮ ಕಡೆಯವರು ಹೇಳುವ ಹಾಗೆ, ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಗಿತ್ತು, ಅಷ್ಟೆ.

ಬಲೂನಿನ ಚಿಕಿತ್ಸೆಯೂ ಒರೆಗಲ್ಲಿಗೆ ಬಂದಿತು. ಕೆನಡಾದಲ್ಲಿ 104 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಕೆಲವರಿಗೆ ನಿಜವಾದ ಚಿಕಿತ್ಸೆ, ಕೆಲವರಿಗೆ ಅದರ ನಟನೆ. ಯಾರಿಗೆ ಯಾವುದೆಂದು ರೋಗಿಗೆ ತಿಳಿಸಲಿಲ್ಲ. ಇಲಿಗಳ ಎರಡನೆಯ ಗುಂಪಿಗೆ ಮಾಡಿದ್ದನ್ನೇ ಇಲ್ಲಿ ಮನುಷ್ಯರು ತಾವಾಗಿ ಒಪ್ಪಿಕೊಂಡಿದ್ದರು. 2017ರಲ್ಲಿ ಹೊರಬಿದ್ದ ಫಲಿತಾಂಶ: ಇಬ್ಬರಿಗೂ ಭೇದವಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಸ್ವತಃ ಝಾಂಬೋನಿಯವರು ಮುಂದೆ ನಿಂತು ಇಟಲಿಯಲ್ಲಿ 115 ರೋಗಿಗಳ ಮೇಲೆ ನಡೆಸಿದ ಪರೀಕ್ಷೆ ಪ್ರಕಟವಾಯಿತು. ತಮ್ಮ ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ಅವರೇ ಅದರಲ್ಲಿ ಒಪ್ಪಿಕೊಂಡಿದ್ದರು. ಮನೆಯಲ್ಲಿಯೇ ರೋಗಿಯಿರುವ ಮನುಷ್ಯ ತನ್ನ ಆಸೆಗೆ ವಿರುದ್ಧವಾದ ಉತ್ತರವನ್ನು ತನ್ನ ಹೆಸರಿನಲ್ಲಿ ಅಚ್ಚು ಹಾಕಿಸುವುದು ಸಣ್ಣ ಮಾತಲ್ಲ. ಅವರ ಬಗೆಗೆ ನನಗೆ ಗೌರವ ಹುಟ್ಟಿದ್ದು ಅಂದು.

ಹಾಗೆಂದು ರಕ್ತನಾಳದ ಕಥೆ ಮುಗಿದುಹೋಯಿತೆಂದು ತಿಳಿಯಬಾರದು. ಬಿಳಿಯ ರಕ್ತಕಣಗಳು ನಾಳದ ಗೋಡೆಗೆ ಅಂಟಿಕೊಳ್ಳದಂತೆ ತಡೆದರೆ ಪ್ರಾಣಿಗಳಿಗೆ ರೋಗ ಬರುವುದಿಲ್ಲವೆಂದು 1992ರಲ್ಲಿ ಕಂಡುಬಂದಿತ್ತು. ಅದರಿಂದ ಬಂದ ನಟಾಲಿಜುಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆಯಿತು. ಮಿದುಳಿನ ಒಂದು ಅಪಾಯಕರ ಸೋಂಕಿನ ಕಾರಣ 2005ರಲ್ಲಿ ಹಿಂದೆ ಸರಿದು, 2006ರಲ್ಲಿ ಕಟ್ಟುಪಾಡುಗಳೊಡನೆ ಮರಳಿ ಬಂದಿತು. ನಾಳದಿಂದ ಸೋರುವ ಫೈಬ್ರಿನ್ ಮಿದುಳಿನ ಕಣಗಳನ್ನು ಕೆರಳಿಸುವುದನ್ನು ಇಲಿಗಳಲ್ಲಿ ತೋರಿಸಿದ್ದಾರೆ. ನಾಳ ಕುಂಬಾರನಲ್ಲದಿರಬಹುದು, ಮಣ್ಣು ಬರುವುದು ಮಾತ್ರ ಅದರ ಬೆನ್ನಿನ ಮೇಲೆಯೇ. ಇನ್ನು ಕುಂಬಾರನ ಮಾತು. ಅಮೆರಿಕದ ಸೇನೆಯ ಒಂದು ಕೋಟಿಗೂ ಮಿಕ್ಕ ಜನರ ದಾಖಲೆಗಳಿಂದ, ಎಪ್ಸ್ಟೀನ್-ಬಾರ್ ಎಂಬ ವೈರಾಣು ಸೋಂಕಿದ ಮೇಲೆ ಈ ರೋಗದ ಸಂಭವ 32 ಪಟ್ಟು ಏರುತ್ತದೆಂದು 2022ರಲ್ಲಿ ಪ್ರಕಟವಾಯಿತು. ಆ ವೈರಾಣು ಸಾಮಾನ್ಯ ಇಲಿಗೆ ಹತ್ತುವುದೇ ಇಲ್ಲ! ಈ ಪ್ರಶ್ನೆಯನ್ನು ಅದಕ್ಕೆ ನೇರವಾಗಿ ಹಾಕುವ ಹಾಗಿಲ್ಲ.

ಶಾಸ್ತ್ರಿಗಳು ಈಗ ಗಾಲಿಕುರ್ಚಿಯಲ್ಲಿದ್ದಾರೆ. ತೋಟ ಉಳಿದಿದೆ, ಕಾಲು ಉಳಿಯಲಿಲ್ಲ. ಹೋಗಿದ್ದರೂ ಉಳಿಯುತ್ತಿರಲಿಲ್ಲವೆಂದು ಇಂದು ಹೇಳಬಲ್ಲೆ, ಆದರೆ ಅಂದು ನನಗೆ ಅದು ತಿಳಿದಿರಲಿಲ್ಲ. ಕಾಯಿರಿ ಎಂದವನು ನಾನು, ಕಾದವರು ಅವರು. ಆ 43 ಇಲಿಗಳಿಗೆ ನಾನು ಋಣಿ. ಅವುಗಳ ಸಾಕ್ಷ್ಯವೊಂದೇ ಸಾಲದಾಗಿದ್ದರೂ, ಮುಂದೆ ಮನುಷ್ಯರು ಹೇಳಿದ್ದನ್ನು ಅವು ಮೊದಲೇ ಹೇಳಿದ್ದವು.

ಭಾನುವಾರಗಳಂದು ಅವರ ಮನೆಯಲ್ಲಿ ಇಬ್ಬರು ಹುಡುಗರಿಗೆ ತರ್ಕದ ಪಾಠ ನಡೆಯುತ್ತದೆ. ಮೊನ್ನೆ ನಾನು ಹೋದಾಗ ಗಡಿಗೆ, ಕುಂಬಾರ, ಕತ್ತೆಗಳ ಪ್ರಕರಣವೇ ಬಂದಿತ್ತು. ಒಬ್ಬ ಹುಡುಗ, "ಕತ್ತೆ ಕಾರಣವಲ್ಲದಿದ್ದರೆ ಮಣ್ಣು ತರುವವರು ಯಾರು ಸಾರ್?" ಎಂದು ಕೇಳಿದ. ಶಾಸ್ತ್ರಿಗಳು ನಕ್ಕು ನನ್ನ ಕಡೆ ಕೈತೋರಿಸಿದರು: "ಅದನ್ನು ಪ್ರಾಣಿಶಾಸ್ತ್ರದ ಮೇಷ್ಟ್ರನ್ನು ಕೇಳು."